ಬಿದ್ದ ಬಂಡಿಯನ್ನು ಎತ್ತುವ ಅರಿವು



ಕನ್ನಡದ 'ಎತ್ತು' ಎಂಬ ಪದಕ್ಕೆ ಎರಡು ಅರ್ಥಗಳುಂಟು. ನಾಮಪದವಾದಾಗ ಅದು ನೇಗಿಲಿಗೂ ಬಂಡಿಗೂ ಹೂಡುವ ಪಶು. ಕ್ರಿಯಾಪದವಾದಾಗ ಕೆಳಗಿರುವುದನ್ನು ಮೇಲಕ್ಕೆ ತರುವ ಕೆಲಸ. ಈ ಎರಡು ಅರ್ಥಗಳೂ ಒಂದೆಡೆ ಕೂಡುವ ಸಂದರ್ಭವೊಂದು ರೈತರ ಬಾಳಿನಲ್ಲಿದೆ. ಮುಂಗಾರಿನ ಹಸಿಯಲ್ಲಿ, ಎರೆಹೊಲದ ದಾರಿಯಲ್ಲಿ, ಹೇರು ತುಂಬಿದ ಬಂಡಿಯ ಎತ್ತು ಮುಗ್ಗರಿಸಿ ಬಿದ್ದಿತೆಂದರೆ ಅನುಭವಿಯಾದ ರೈತನು ಕೊಂಬು ಹಿಡಿದು ಎಳೆಯುವುದಿಲ್ಲ, ಬಾರುಕೋಲನ್ನೂ ಬೀಸುವುದಿಲ್ಲ. ಮೊದಲು ನೊಗದ ಹಗ್ಗವನ್ನು ಬಿಚ್ಚಿ ಕೊರಳನ್ನು ಬಿಡಿಸುತ್ತಾನೆ, ಹೇರನ್ನು ಇಳಿಸುತ್ತಾನೆ, ಪಶು ಯಾವ ಮಗ್ಗುಲಿಗೆ ಮಲಗಿದೆ, ಕಾಲು ಎಲ್ಲಿ ಮಡಚಿಕೊಂಡಿದೆ ಎಂಬುದನ್ನು ನೋಡುತ್ತಾನೆ. ಎತ್ತುವ ಕೆಲಸ ಆರಂಭವಾಗುವುದು ಆ ಬಳಿಕ.

ಇಂದು ಊರೂರಿನಲ್ಲಿ 'ಗಾಡಿ' ಎಂದರೆ ಮೋಟಾರು ಸೈಕಲ್ಲೆಂದೇ ಅರ್ಥ. ಪದ ಉಳಿಯಿತು, ಪದಾರ್ಥ ಬದಲಾಯಿತು. ಆದರೆ ಬಿದ್ದುದನ್ನು ಎತ್ತುವಾಗ ರೈತನಿಗಿದ್ದ ಆ ತಾಳ್ಮೆ, ಆ ಕ್ರಮ ಮಾತ್ರ ಪದದೊಡನೆ ಬರಲಿಲ್ಲ. ಭಾರದ ಮೋಟಾರು ಸೈಕಲ್ಲು ನೆಲಕ್ಕುರುಳಿದ ಕೂಡಲೇ ಸವಾರನು ಧಡಕ್ಕನೆ ಎದ್ದು, ಸುತ್ತ ಯಾರಾದರೂ ನೋಡಿದರೇ ಎಂದು ಒಮ್ಮೆ ಕಣ್ಣಾಡಿಸಿ, ನಡು ಬಗ್ಗಿಸಿ, ಎರಡೂ ಕೈಗಳಿಂದ ಹ್ಯಾಂಡಲ್ಲನ್ನು ಹಿಡಿದು ಒಂದೇ ಉಸಿರಿಗೆ ಜಗ್ಗುತ್ತಾನೆ. ಬೀಳುವಾಗ ಆಗದ ಪೆಟ್ಟು ಎಷ್ಟೋ ಮಂದಿಗೆ ಎತ್ತುವಾಗ ಆಗುತ್ತದೆ. ಬಿದ್ದ ಗಾಯ ಹದಿನೈದು ದಿನಗಳಲ್ಲಿ ಮಾಯಬಹುದು. ಜಗ್ಗಿದ ಸೊಂಟದ ನೋವು ವರ್ಷಗಟ್ಟಲೆ ಉಳಿಯಬಹುದು.

ಭಾರದ ಗಾಡಿ ಬೀಳುವ ಸಂದರ್ಭಗಳನ್ನು ಗಮನಿಸಿದರೆ ಒಂದು ವಿಚಿತ್ರ ತೋರುತ್ತದೆ. ವೇಗದಲ್ಲಿ ಓಡುವ ಗಾಡಿ ತನ್ನ ಚಕ್ರಗಳ ಓಟದಿಂದಲೇ ನೆಟ್ಟಗಿರುತ್ತದೆ. ಬೀಳುವ ಭಯ ಹೆಚ್ಚಿರುವುದು ಅದು ನಿಂತಾಗ, ನಿಲ್ಲುತ್ತಿರುವಾಗ, ಇಲ್ಲವೇ ನಡಿಗೆಯ ವೇಗದಲ್ಲಿ ತಿರುಗುವಾಗ. ಇಳಿಜಾರಿನಲ್ಲಿ ಹಿಂದಿರುಗಿಸಲು ಹೋಗಿ ತಗ್ಗಿನ ಕಡೆಯ ಕಾಲು ನೆಲಕ್ಕೆ ಎಟುಕದೆ ಹೋಗುತ್ತದೆ. ಜಲ್ಲಿಯ ಮೇಲೆ ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದಾಗ ಚಕ್ರ ಮಡಚಿಕೊಳ್ಳುತ್ತದೆ. ಸುಗ್ಗಿಯ ದಿನಗಳಲ್ಲಿ ಡಾಂಬರು ರಸ್ತೆಯನ್ನೇ ಕಣ ಮಾಡಿಕೊಂಡು ಹರಡಿದ ಹುರುಳಿ, ರಾಗಿಯ ಹುಲ್ಲಿನ ಮೇಲೆ ಗಾಲಿ ಜಾರುತ್ತದೆ. ಧಾರವಾಡ, ಗದಗ, ವಿಜಯಪುರದ ಎರೆಭೂಮಿಯಲ್ಲಂತೂ ಸವಾರನಿಲ್ಲದೆಯೇ ಗಾಡಿ ಬೀಳುತ್ತದೆ: ಒಂದು ಹದ ಮಳೆಯಾದ ಮೇಲೆ ಪಕ್ಕದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹೋದರೆ ಅದರ ಚಿಕ್ಕ ಪಾದ ಮೆಲ್ಲಮೆಲ್ಲನೆ ಮಣ್ಣಿನೊಳಗೆ ಇಳಿದು, ಅರ್ಧ ಗಂಟೆಯಲ್ಲಿ ಗಾಡಿ ಮಗ್ಗುಲಾಗಿರುತ್ತದೆ. ಒಂದು ಚಪ್ಪಟೆ ಕಲ್ಲನ್ನೋ ಹಲಗೆಯ ತುಂಡನ್ನೋ ಆ ಪಾದದ ಕೆಳಗಿಟ್ಟಿದ್ದರೆ ಈ ಪ್ರಮೇಯವೇ ಬರುತ್ತಿರಲಿಲ್ಲ. ಅಂದರೆ, ಬೀಳುವಿಕೆಯಲ್ಲಿ ಬಹುಪಾಲು ಸವಾರಿಕೆಯ ದೋಷಕ್ಕಿಂತ ನೆಲದ ಗುಣವೇ ಇರುತ್ತದೆ. ಇದನ್ನು ಅರಿತವರಿಗೆ ನಾಚಿಕೆ ಅರ್ಧ ಕಡಿಮೆಯಾಗುತ್ತದೆ.

ನಾಚಿಕೆಯ ಮಾತನ್ನು ಇಲ್ಲಿ ಎತ್ತಲೇಬೇಕು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ನಮ್ಮ ಜನರು ತಮ್ಮನ್ನೇ ನೋಡಿ ನಕ್ಕು ಕಟ್ಟಿದ್ದು. ಭಾರದ ಗಾಡಿಯನ್ನು ಕೊಳ್ಳುವವರಲ್ಲಿ ಹಲವರು ಅದರ ಭಾರವನ್ನು ತಮ್ಮ ಪೌರುಷದ ಅಳತೆಯೆಂದು ಬಗೆದಿರುತ್ತಾರೆ. ಹಾಗಿರುವಾಗ ಅದು ಬಿದ್ದದ್ದು ಗಾಡಿ ಬಿದ್ದಂತಲ್ಲ, ತಾನೇ ಬಿದ್ದಂತೆ. ಆದ್ದರಿಂದಲೇ ಆ ಅವಸರ. ಆದ್ದರಿಂದಲೇ ನೆರವಿಗೆ ಬಂದ ದಾರಿಹೋಕನಿಗೆ 'ಬೇಡ, ಬೇಡ' ಎನ್ನುವ ಬಿಗುಮಾನ. ಗಾಡಿ ಒಂದು ನಿಮಿಷ ಹೆಚ್ಚು ಮಲಗಿದ್ದರೆ ಯಾವ ಮಾನವೂ ಹೋಗುವುದಿಲ್ಲ ಎಂಬುದನ್ನು ಮನಸ್ಸಿಗೆ ತಂದುಕೊಳ್ಳುವುದು, ತೋಳಿನ ಬಲಕ್ಕಿಂತ ಮೊದಲು ಬೇಕಾದ ಸಿದ್ಧತೆ.

ಈಗ ಭಾರದ ಲೆಕ್ಕ. ನಮ್ಮ ರಸ್ತೆಗಳಲ್ಲಿ ಎಲ್ಲೆಲ್ಲೂ ಕಾಣುವ 100 ಸಿ.ಸಿ. ಗಾಡಿಗಳು ಸುಮಾರು 110 ಕಿಲೋ ತೂಗುತ್ತವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರಲ್ಲಿ ಬಾಗಿಲು ಮುಚ್ಚುವವರೆಗೆ ತಯಾರಿಸಿದ 250 ಸಿ.ಸಿ.ಯ ಜಾವಾ, ಯೆಜ್ಡಿಗಳೂ 150 ಕಿಲೋ ದಾಟಿದವಲ್ಲ. ಭಾರದ ಗಾಡಿ ಎಂದರೆ ನಮ್ಮವರಿಗೆ ಬಹುಕಾಲ ಬುಲೆಟ್ಟು ಒಂದೇ. ಗಡಿಕಾವಲಿಗೆಂದು ಭಾರತೀಯ ಸೇನೆ ಆರಿಸಿಕೊಂಡ, 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಸ್ಥಾಪನೆಯಾಗಲು ಕಾರಣವಾದ ಆ ಗಾಡಿಯ ವಂಶದ ಕ್ಲಾಸಿಕ್ 350 ಇಂದು 195 ಕಿಲೋ ತೂಗುತ್ತದೆ. ಅದೇ ಕಾರ್ಖಾನೆಯ ಸೂಪರ್ ಮೀಟಿಯರ್ 650 ಎಂಬುದು 241 ಕಿಲೋ. ಹೋಂಡಾದ ಗೋಲ್ಡ್ ವಿಂಗ್ 350 ಕಿಲೋ ಮೀರುತ್ತದೆ. ಇದರ ಮೇಲೆ ಪಯಣದ ಗಂಟುಮೂಟೆ ಬೇರೆ.

ಇನ್ನೂರು ಕಿಲೋ ಎಂದ ಕೂಡಲೇ 'ಇದು ನನ್ನಿಂದ ಆಗದು' ಎಂದು ಅನೇಕರು ಕೈಚೆಲ್ಲುತ್ತಾರೆ. ಅದು ಸರಿಯಲ್ಲ. ಬಿದ್ದ ಗಾಡಿಯನ್ನು ಯಾರೂ ನೆಲದಿಂದ ಪೂರ್ತಿಯಾಗಿ ಮೇಲೆತ್ತಬೇಕಾಗಿಲ್ಲ. ಗಾಲಿಗಳೆರಡೂ ನೆಲಕ್ಕೆ ತಾಗಿಯೇ ಇರುತ್ತವೆ. ಆ ಎರಡು ತಾಗುಬಿಂದುಗಳನ್ನು ಕೂಡಿಸುವ ಗೆರೆ ಬಾಗಿಲಿನ ತಿರುಗಣಿಯಂತೆ. ಗಾಡಿಯನ್ನು ಆ ತಿರುಗಣಿಯ ಸುತ್ತ ತಿರುಗಿಸಿದರೆ ಸಾಕು. ಗಾಡಿಯ ತೂಕದ ಕೇಂದ್ರ ಆ ಗೆರೆಯಿಂದ ಸುಮಾರು ಅರ್ಧ ಮೀಟರು ದೂರದಲ್ಲಿಯೂ ಹ್ಯಾಂಡಲ್ಲಿನ ಹಿಡಿಕೆ ಸುಮಾರು ಒಂದು ಮೀಟರು ದೂರದಲ್ಲಿಯೂ ಇದೆಯೆಂದು ಇಟ್ಟುಕೊಳ್ಳೋಣ. ಸನ್ನೆಗೋಲಿನ ನಿಯಮದಂತೆ, ಮಲಗಿದ ಸ್ಥಿತಿಯಲ್ಲಿ ಹಿಡಿಕೆಯ ಬಳಿ ಬೇಕಾಗುವ ಬಲ ಗಾಡಿಯ ಅರ್ಧ ತೂಕದಷ್ಟು: ಇನ್ನೂರು ಕಿಲೋ ಗಾಡಿಗೆ ನೂರಕ್ಕೆ ಸಮೀಪ. ಅರ್ಧದಷ್ಟು ಎದ್ದು 45 ಡಿಗ್ರಿಗೆ ಬಂದಾಗ ಅದು ಎಪ್ಪತ್ತು ಕಿಲೋಗೆ ಇಳಿಯುತ್ತದೆ. ನೆಟ್ಟಗಾಗಲು ಇನ್ನು 20 ಡಿಗ್ರಿ ಉಳಿದಾಗ ಬೇಕಾಗುವುದು ಮೂವತ್ತೈದು ಕಿಲೋ ಮಾತ್ರ. ನೆಟ್ಟಗಾದಾಗ ಸೊನ್ನೆ. ಆ ಸೊನ್ನೆಯನ್ನು ದಾಟಿದರೆ ಗಾಡಿ ಆಚೆ ಮಗ್ಗುಲಿಗೆ ಬೀಳುತ್ತದೆ!

ಈ ಲೆಕ್ಕದಿಂದ ಎರಡು ಸಂಗತಿಗಳು ಹೊರಡುತ್ತವೆ. ಕಷ್ಟವೆಲ್ಲ ಮೊದಲ ಒಂದೆರಡು ಗೇಣಿನಲ್ಲಿದೆ. ಅಲ್ಲಿಯೇ ಸರಿಯಾದ ಅಂಗ ಕೆಲಸ ಮಾಡಬೇಕು. ಮತ್ತು ಕೊನೆಯ ಗೇಣಿನಲ್ಲಿ ಬಲ ತಗ್ಗಿಸಲು ತಿಳಿದಿರಬೇಕು. ಬೈಕಿನ ಮುಂದೆ ಹಾಕಿಸುವ ಕಬ್ಬಿಣದ ಲೆಗ್‌ಗಾರ್ಡಿನ ಉಪಕಾರವೂ ಇಲ್ಲಿ ತಿಳಿಯುತ್ತದೆ. ಅದು ಕಾಲನ್ನು ಕಾಯುವುದಲ್ಲದೆ, ಗಾಡಿ ಪೂರ್ತಿ ಮಲಗದಂತೆ ತಡೆದು, ಎತ್ತುವವನ ಪಾಲಿನ ಅತಿ ಕಷ್ಟದ ಅಂಶವನ್ನು ಮೊದಲೇ ಕಳೆದಿರುತ್ತದೆ.

ಸರಿಯಾದ ಅಂಗ ಯಾವುದು? ನಡು ಬಗ್ಗಿಸಿ ತೋಳುಗಳಿಂದ ಎಳೆಯುವಾಗ ಭಾರ ದೇಹದ ಮುಂದೆ ದೂರದಲ್ಲಿರುತ್ತದೆ. ಸೊಂಟದ ಕೆಳಬೆನ್ನೇ ಆಗ ತಿರುಗಣಿ. ಕೈಯಲ್ಲಿರುವ ಭಾರದ ಹಲವು ಪಟ್ಟು ಒತ್ತಡ ಅಲ್ಲಿಯ ಬಿಲ್ಲೆಗಳ ಮೇಲೆ ಬೀಳುತ್ತದೆ. ಅಮೆರಿಕದ ನಯಾಷ್ ಎಂಬ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಕೆಲಸಗಾರರು ಕೈಯಿಂದ ಎತ್ತುವ ಭಾರಕ್ಕೆ ರೂಪಿಸಿದ ಸೂತ್ರದಲ್ಲಿ ಎಲ್ಲ ಅನುಕೂಲಗಳಿದ್ದಾಗಲೂ 23 ಕಿಲೋ ಗರಿಷ್ಠ ಮಿತಿ. ನೂರು ಕಿಲೋವನ್ನು ಬಾಗಿದ ಬೆನ್ನಿನಿಂದ ಜಗ್ಗುವವನು ಆ ಮಿತಿಯ ನಾಲ್ಕು ಪಟ್ಟನ್ನು ದಾಟಿರುತ್ತಾನೆ. ತೊಡೆ ಮತ್ತು ಪೃಷ್ಠದ ಸ್ನಾಯುಗಳಾದರೋ ದೇಹದಲ್ಲಿ ಅತ್ಯಂತ ದೊಡ್ಡವು. ದಿನವೂ ಇಡೀ ದೇಹದ ಭಾರವನ್ನು ಎತ್ತಿ ಇಳಿಸುವುದೇ ಅವುಗಳ ಕೆಲಸ. ಕುಳಿತವನು ಏಳುವಾಗ ದುಡಿಯುವವೂ ಅವೇ.

ಇದನ್ನು ಪುಸ್ತಕ ಓದದೆಯೇ ಅರಿತವರು ನಮ್ಮ ಎ.ಪಿ.ಎಂ.ಸಿ. ಅಂಗಳದ ಹಮಾಲರು. ಹಮಾಲನು ಚೀಲಕ್ಕೆ ಎದುರಾಗಿ ನಿಂತು ತಬ್ಬಿ ಎತ್ತುವುದಿಲ್ಲ. ಚೀಲಕ್ಕೆ ಬೆನ್ನು ಕೊಟ್ಟು, ಮೊಣಕಾಲು ಮಡಚಿ ತಗ್ಗಿ, ಭಾರವನ್ನು ಬೆನ್ನಿಗೆ ಆನಿಸಿಕೊಂಡು, ಕಾಲುಗಳಿಂದ ಏಳುತ್ತಾನೆ. ಜಾತ್ರೆಯ ಬಯಲಿನಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪೈಲವಾನನಿಗೆ ಸಿಗುವ ಚಪ್ಪಾಳೆ ಹಮಾಲನಿಗೆ ಸಿಗುವುದಿಲ್ಲ. ಆದರೆ ಪೈಲವಾನನು ವರ್ಷಕ್ಕೊಮ್ಮೆ ತೋರುವ ಸಾಹಸವನ್ನು ಹಮಾಲನು ಹೊತ್ತು ಮುಳುಗುವವರೆಗೆ ಮಾಡಿ, ಮಾರನೆಯ ದಿನ ಮತ್ತೆ ಬರುತ್ತಾನೆ. ಬಿದ್ದ ಮೋಟಾರು ಸೈಕಲ್ಲಿಗೆ ಒಪ್ಪುವ ವಿಧಾನವೂ ಈ ಕಾಯಕಜೀವಿಯದೇ. ಪರದೇಶಗಳ ಸವಾರಿ ಶಿಕ್ಷಕರು ಇಂದು ಬೋಧಿಸುವ ಕ್ರಮಗಳಲ್ಲಿ ಬಹಳ ಬಳಕೆಯಲ್ಲಿರುವುದು ಗಾಡಿಗೆ ಬೆನ್ನು ಕೊಟ್ಟು ಎತ್ತುವ ಕ್ರಮವೇ ಆಗಿದೆ.

ಆ ಕ್ರಮವನ್ನು ಹೇಳುವ ಮೊದಲು ನೊಗ ಬಿಚ್ಚುವ ಮಾತು. ಬಿದ್ದ ಗಾಡಿಗಿಂತ ಬಿದ್ದ ಮನುಷ್ಯ ಮುಖ್ಯ. ಇದನ್ನು ಬರೆದು ಹೇಳಬೇಕೇ ಎಂದು ಕೇಳಬಹುದು. ಆದರೆ ರಸ್ತೆಯಲ್ಲಿ ನಡೆಯುವುದನ್ನು ಕಂಡವರು ಹಾಗೆ ಕೇಳಲಾರರು. ನಾಲ್ಕು ಜನ ಓಡಿಬಂದು ಮೊದಲು ಗಾಡಿಗೆ ಕೈ ಹಾಕುತ್ತಾರೆ. ಅದರಡಿ ಸಿಕ್ಕವನ ಕಾಲು ಯಾವ ಸ್ಥಿತಿಯಲ್ಲಿದೆ, ಕಾದ ಸೈಲೆನ್ಸರು ಅವನ ಮೀನಖಂಡವನ್ನು ಸುಡುತ್ತಿದೆಯೇ ಎಂದು ನೋಡುವವರು ಕಡಿಮೆ. ಒಬ್ಬರು ಹಿಂದಿನಿಂದ, ಒಬ್ಬರು ಮುಂದಿನಿಂದ ಹೊಂದಾಣಿಕೆಯಿಲ್ಲದೆ ಎಳೆದು, ನಡುವೆ ಒಬ್ಬರು ಕೈ ಬಿಟ್ಟರೆ ಭಾರವೆಲ್ಲ ಮತ್ತೆ ಅದೇ ಕಾಲಿನ ಮೇಲೆ ಬೀಳುತ್ತದೆ. ಆದ್ದರಿಂದ ಒಬ್ಬರು ಮನುಷ್ಯನ ಬಳಿ ಕುಳಿತು, 'ಈಗ' ಎಂದು ಹೇಳಿದ ಮೇಲೆಯೇ ಉಳಿದವರು ಒಟ್ಟಿಗೆ ಎತ್ತಬೇಕು. ತಲೆ, ಕುತ್ತಿಗೆ, ಬೆನ್ನಿಗೆ ಪೆಟ್ಟಾದ ಶಂಕೆಯಿದ್ದರೆ ಅವರನ್ನು ಅಲುಗಾಡಿಸದೆ ಆಂಬುಲೆನ್ಸಿಗೆ ಕರೆಮಾಡಬೇಕು. ಗಾಡಿ ಎಷ್ಟು ಹೊತ್ತಾದರೂ ಬಿದ್ದಿರಲಿ. ಪೊಲೀಸು, ಕೋರ್ಟಿನ ಭಯದಿಂದ ದೂರ ನಿಲ್ಲುವವರು ತಿಳಿಯಬೇಕಾದ ಸಂಗತಿಯೆಂದರೆ, ನೆರವಾದವರಿಗೆ ಕಿರುಕುಳ ಕೊಡಬಾರದೆಂಬ ಮಾರ್ಗಸೂಚಿಗಳಿಗೆ ಸರ್ವೋಚ್ಚ ನ್ಯಾಯಾಲಯ 2016ರಲ್ಲಿಯೇ ಕಾನೂನಿನ ಬಲ ನೀಡಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಯಲ್ಲಿಯೂ ಆ ರಕ್ಷಣೆ 134ಎ ಎಂಬ ವಿಧಿಯಾಗಿ ಸೇರಿದೆ.

ಮನುಷ್ಯನಿಗೆ ಏನೂ ಆಗಿಲ್ಲವೆಂದು ಖಚಿತವಾದ ಮೇಲೆ ಗಾಡಿಯ ನೊಗ. ಬಿದ್ದ ಗಾಡಿಯ ಎಂಜಿನ್ನು ಕೆಲವೊಮ್ಮೆ ಓಡುತ್ತಲೇ ಇರುತ್ತದೆ, ಹಿಂದಿನ ಗಾಲಿ ತಿರುಗುತ್ತಲೇ ಇರುತ್ತದೆ. ಬಲಗೈ ಹಿಡಿಕೆಯ ಬಳಿಯ ಕೆಂಪು ಗುಂಡಿಯಿಂದಾಗಲಿ ಕೀಲಿಯಿಂದಾಗಲಿ ಅದನ್ನು ನಿಲ್ಲಿಸಬೇಕು. ಹಳೆಯ ಗಾಡಿಯಾದರೆ ಪೆಟ್ರೋಲಿನ ನಲ್ಲಿಯನ್ನು ಮುಚ್ಚಬೇಕು; ಕಾರ್ಬ್ಯುರೇಟರಿನಿಂದಲೂ ಟ್ಯಾಂಕಿನ ಮುಚ್ಚಳದಿಂದಲೂ ಪೆಟ್ರೋಲು ತೊಟ್ಟಿಕ್ಕುವುದುಂಟು. ಬೀಡಿ, ಸಿಗರೇಟು ಹಿಡಿದು ನೋಡಲು ಬಂದವರನ್ನು ದೂರ ಕಳಿಸಲು ಸಂಕೋಚ ಪಡಬೇಕಾಗಿಲ್ಲ. ಗಂಟುಮೂಟೆಯನ್ನು ಕಳಚಬಹುದಾದರೆ ಕಳಚಬೇಕು. ರೈತನು ಹೇರು ಇಳಿಸುವುದು ಇದೇ ಕಾರಣಕ್ಕೆ.

ಆಮೇಲೆ ಗಾಡಿ ಯಾವ ಮಗ್ಗುಲಿಗೆ ಬಿದ್ದಿದೆ ಎಂಬುದರ ವಿವೇಚನೆ. ಪಕ್ಕದ ಸ್ಟ್ಯಾಂಡು ಎಡಗಡೆ ಇರುತ್ತದೆ. ಬಲಕ್ಕೆ ಬಿದ್ದ ಗಾಡಿಯಲ್ಲಿ ಅದು ಮೇಲ್ಗಡೆ ಕಾಣುವುದರಿಂದ ಎತ್ತುವ ಮೊದಲೇ ಅದನ್ನು ಬಿಡಿಸಿಟ್ಟುಬಿಡಬೇಕು. ಆಗ ನೆಟ್ಟಗಾದ ಗಾಡಿ ತುಸು ಆಚೆ ಹೋದರೂ ಸ್ಟ್ಯಾಂಡಿನ ಮೇಲೆ ನಿಲ್ಲುತ್ತದೆ. ಇಷ್ಟು ಚಿಕ್ಕ ಕೆಲಸವನ್ನು ಮರೆತು, ಬಲದಿಂದ ಎತ್ತಿ, ಎಡಕ್ಕೆ ಬೀಳಿಸಿ, ಎರಡೂ ಮಗ್ಗುಲಿನ ಕನ್ನಡಿಗಳನ್ನು ಕಳೆದುಕೊಂಡವರ ಸಂಖ್ಯೆ ಸಣ್ಣದಲ್ಲ. ಗೇರಿನ ಸನ್ನೆಯೂ ಎಡಗಾಲಿನದಾದರೆ ಅದೂ ಕೈಗೆ ಸಿಗುತ್ತದೆ. ಒಂದನೆಯ ಗೇರಿಗೆ ಹಾಕಿದರೆ ಗಾಲಿ ಉರುಳುವುದಿಲ್ಲ. ಹಳೆಯ ಬುಲೆಟ್ಟುಗಳಲ್ಲಿ ಗೇರು ಬಲಗಾಲಿನದು, ಬ್ರೇಕು ಎಡಗಾಲಿನದು ಎಂಬುದನ್ನು ಅವುಗಳ ಒಡೆಯರು ನೆನಪಿಡಬೇಕು. ಎಡಕ್ಕೆ ಬಿದ್ದ ಗಾಡಿಯಲ್ಲಿ ಸ್ಟ್ಯಾಂಡೂ ಇಲ್ಲ, ಬಹುಶಃ ಗೇರೂ ಕೈಗೆ ಎಟುಕದು. ಆಗ ಮೇಲ್ಗಡೆ ಇರುವ ಬಲಗೈ ಬ್ರೇಕನ್ನು ಟವೆಲ್ಲಿನಿಂದಲೋ ಹಗ್ಗದಿಂದಲೋ ಹಿಡಿಕೆಗೆ ಬಿಗಿದು ಕಟ್ಟುವುದು ಒಳ್ಳೆಯ ಉಪಾಯ. ಗಾಲಿ ಉರುಳುವ ಗಾಡಿಯನ್ನು ಎತ್ತಲು ಹೋಗುವುದು ತಿರುಗಣಿ ಕಳಚಿದ ಬಾಗಿಲನ್ನು ತೆರೆಯಲು ಹೋದಂತೆ.

ಇಳಿಜಾರಿನಲ್ಲಿ ಗಾಲಿಗಳು ಮೇಲ್ಗಡೆಗೂ ಹ್ಯಾಂಡಲ್ಲು, ಸೀಟು ತಗ್ಗಿನ ಕಡೆಗೂ ಆಗಿ ಬಿದ್ದಿದ್ದರೆ ಎತ್ತುವ ಶ್ರಮ ಬಹಳ ಹೆಚ್ಚುತ್ತದೆ. ಅಂಥಲ್ಲಿ ಲೆಗ್‌ಗಾರ್ಡಿನ ಮೇಲೆಯೇ ಗಾಡಿಯನ್ನು ನೆಲದ ಮೇಲೆ ತಿರುಗಿಸಿ, ಗಾಲಿಗಳನ್ನು ತಗ್ಗಿನ ಕಡೆಗೆ ತಂದುಕೊಳ್ಳಬೇಕು. ಒಂದಿಷ್ಟು ಬಣ್ಣ ಕಿತ್ತುಹೋದೀತು, ಹೋಗಲಿ.

ಇಷ್ಟಾದ ಮೇಲೆ ಎತ್ತುವವನು ಸೀಟಿನ ಬದಿಗೆ ಬಂದು, ಗಾಡಿಗೆ ಬೆನ್ನು ಮಾಡಿ ನಿಲ್ಲಬೇಕು. ಹ್ಯಾಂಡಲ್ಲನ್ನು ಪೂರ್ತಿಯಾಗಿ ಗಾಡಿ ಬಿದ್ದ ಮಗ್ಗುಲಿಗೇ ತಿರುಗಿಸಿದರೆ ನೆಲದ ಕಡೆಯ ಹಿಡಿಕೆ ಟ್ಯಾಂಕಿನ ಹತ್ತಿರ ಬರುತ್ತದೆ. ಒಂದು ಕೈಯಿಂದ ಆ ಹಿಡಿಕೆಯನ್ನೂ, ಇನ್ನೊಂದು ಕೈಯಿಂದ ಸೀಟಿನ ಕೆಳಗಿನ ಚೌಕಟ್ಟಿನ ಗಟ್ಟಿ ಭಾಗವನ್ನೋ ಹಿಂಬದಿಯ ಹಿಡಿಯನ್ನೋ ಹಿಡಿಯಬೇಕು. ಇಂಡಿಕೇಟರು, ಕನ್ನಡಿ, ಪ್ಲಾಸ್ಟಿಕ್ಕಿನ ಹೊದಿಕೆ ಇವೆಲ್ಲ ಎತ್ತಿನ ಕೊಂಬಿದ್ದಂತೆ, ಹಿಡಿಯುವುದಕ್ಕಲ್ಲ. ಮೊಣಕಾಲು ಮಡಚಿ ತಗ್ಗಿ, ಸೀಟಿನ ಅಂಚಿಗೆ ಪೃಷ್ಠವನ್ನು ಆನಿಸಿ, ಬೆನ್ನು ನೆಟ್ಟಗಿಟ್ಟು, ತೋಳುಗಳನ್ನು ಮಡಚದೆ, ಪಾದಗಳಿಂದ ನೆಲವನ್ನು ಒತ್ತಬೇಕು. ತೋಳುಗಳು ಇಲ್ಲಿ ಹಗ್ಗಗಳು ಮಾತ್ರ, ಎತ್ತುವವು ಕಾಲುಗಳು. ಗಾಡಿ ಕದಲಿದ ಕೂಡಲೇ ಹಿಂದಕ್ಕೆ ಒಂದೊಂದು ಗೇಣಿನಷ್ಟು ಚಿಕ್ಕ ಹೆಜ್ಜೆಗಳನ್ನಿಡುತ್ತ, ಸೀಟಿಗೆ ಒರಗಿಯೇ ಏಳಬೇಕು. ಅರ್ಧ ದಾಟಿದ ಮೇಲೆ ಬಲ ತಗ್ಗಿಸಬೇಕು. ಪಾದದ ಕೆಳಗೆ ಜಲ್ಲಿ, ಎಣ್ಣೆ, ಕೆಸರು ಇದ್ದರೆ ಮೊದಲು ಅದನ್ನು ಸರಿಸಿಕೊಳ್ಳಬೇಕು. ನಡುದಾರಿಯಲ್ಲಿ ಕಾಲು ಜಾರಿದರೆ ಗಾಡಿ ಬೆನ್ನ ಹಿಂದೆಯೇ ಇರುತ್ತದೆ. ಎರಡು ಸಲ ಯತ್ನಿಸಿಯೂ ಆಗದಿದ್ದರೆ ಮೂರನೆಯ ಸಲ ಹಟ ಹಿಡಿಯದೆ ಇನ್ನೊಬ್ಬರನ್ನು ಕಾಯುವುದು ಲೇಸು.

ಹೃದ್ರೋಗ, ಹರ್ನಿಯಾ, ಬೆನ್ನಿನ ತೊಂದರೆ ಇರುವವರು, ಗರ್ಭಿಣಿಯರು ಇದಕ್ಕೆ ಕೈ ಹಾಕಲೇಬಾರದು.

ಎತ್ತಿ ನಿಲ್ಲಿಸಿದ ಕೂಡಲೇ ಕಿಕ್ ಹೊಡೆದು ಹೊರಡುವ ಅವಸರವೂ ಬೇಡ. ಮಲಗಿದ ಗಾಡಿಯಲ್ಲಿ ಎಂಜಿನ್ ಎಣ್ಣೆ, ಪೆಟ್ರೋಲು ತಮ್ಮ ಜಾಗ ಬಿಟ್ಟು ಸರಿದಿರುತ್ತವೆ. ಕೆಲವು ನಿಮಿಷ ಬಿಟ್ಟರೆ ಮರಳುತ್ತವೆ. ಅಷ್ಟರಲ್ಲಿ ಬ್ರೇಕು, ಕ್ಲಚ್ಚಿನ ಸನ್ನೆಗಳು ಬಿರುಕು ಬಿಟ್ಟಿವೆಯೇ, ಹ್ಯಾಂಡಲ್ಲು ಎರಡೂ ಕಡೆ ಸರಾಗವಾಗಿ ತಿರುಗುತ್ತದೆಯೇ, ಆಕ್ಸಿಲರೇಟರು ಬಿಟ್ಟಾಗ ತಾನಾಗಿ ಮರಳುತ್ತದೆಯೇ, ಬ್ರೇಕಿನ ಸನ್ನೆ ಬಾಗಿ ಸೈಲೆನ್ಸರಿಗೆ ತಾಗುತ್ತಿದೆಯೇ ಎಂದು ನೋಡಬೇಕು. 2020ರ ಏಪ್ರಿಲಿನಲ್ಲಿ ಬಿ.ಎಸ್. 6 ಜಾರಿಯಾದ ಮೇಲೆ ಬಂದ ಹಲವು ಗಾಡಿಗಳಲ್ಲಿ, ಮಗ್ಗುಲಾದ ಕೂಡಲೇ ಎಂಜಿನ್ನನ್ನು ತಾನೇ ನಿಲ್ಲಿಸುವ ಸಂವೇದಕವಿದೆ. ಅಂಥ ಗಾಡಿ ಎತ್ತಿದ ಮೇಲೂ ಚಾಲೂ ಆಗದಿದ್ದರೆ ಕೆಟ್ಟಿತೆಂದು ಗಾಬರಿಯಾಗದೆ, ಕೀಲಿಯನ್ನು ಪೂರ್ತಿ ಆರಿಸಿ ಮತ್ತೆ ತಿರುಗಿಸಬೇಕು.

ಇದಿಷ್ಟು ತಿಳಿವಳಿಕೆ ಬಹಳವೇನಲ್ಲ. ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಾದದ್ದು. ಆದರೆ ನಮ್ಮಲ್ಲಿ ಇದನ್ನು ಕಲಿಸುವವರು ಯಾರು? ಗೇರು ಇರುವ ಮೋಟಾರು ಸೈಕಲ್ಲಿಗೆ ನಮ್ಮ ಕಾನೂನಿನಲ್ಲಿ ಒಂದೇ ಪರವಾನಗಿ. 110 ಕಿಲೋ ಗಾಡಿಯ ಮೇಲೆ ಪರೀಕ್ಷೆ ಕೊಟ್ಟು ಪಡೆದ ಅದೇ ಕಾರ್ಡಿನ ಮೇಲೆ ಮಾರನೆಯ ದಿನ 350 ಕಿಲೋ ಗಾಡಿಯನ್ನು ಹತ್ತಬಹುದು. ನಡುವೆ ಯಾವ ಮೆಟ್ಟಿಲೂ ಇಲ್ಲ. ಪರೀಕ್ಷೆಯಲ್ಲಿ ಎಂಟರ ಆಕಾರದಲ್ಲಿ ಸುತ್ತಿ ಬಂದರೆ ಸಾಕು. ಗಾಡಿ ಬಿದ್ದರೆ ಅನುತ್ತೀರ್ಣ, ಬಿದ್ದುದನ್ನು ಏನು ಮಾಡಬೇಕೆಂಬ ಪ್ರಶ್ನೆಯೇ ಇಲ್ಲ.

ಜಪಾನಿನ ಪದ್ಧತಿಯನ್ನು ಇಲ್ಲಿ ಹೋಲಿಸಿ ನೋಡಬೇಕು. ಅಲ್ಲಿ 1975ರಿಂದ 400 ಸಿ.ಸಿ. ಮೀರಿದ ಗಾಡಿಗಳಿಗೆ ಬೇರೆ ಅರ್ಹತೆ ಬೇಕಾಯಿತು. 1996ರಲ್ಲಿ ನಿಯಮ ಬದಲಾಗುವವರೆಗೆ ಅದನ್ನು ಸವಾರಿ ಶಾಲೆಯಲ್ಲಿ ಪಡೆಯುವಂತಿರಲಿಲ್ಲ, ಸರ್ಕಾರಿ ಕೇಂದ್ರದಲ್ಲಿ ನೇರ ಪರೀಕ್ಷೆಯನ್ನೇ ಎದುರಿಸಬೇಕಿತ್ತು. ಸವಾರಿಗೆ ಮುಂಚೆ ಅಲ್ಲಿ ಬಿದ್ದ 750 ಸಿ.ಸಿ. ಗಾಡಿಯನ್ನು ಎತ್ತಿ ತೋರಿಸಬೇಕಿತ್ತು, ನಡುವಿನ ಸ್ಟ್ಯಾಂಡಿಗೆ ಏರಿಸಬೇಕಿತ್ತು, ತಳ್ಳಿಕೊಂಡು ನಡೆಯಬೇಕಿತ್ತು. ಇಂದಿಗೂ ಅಲ್ಲಿನ ಶಾಲೆಗಳಲ್ಲಿ ಮೊದಲ ದಿನದ ಪಾಠ ಇದೇ. ಅದಕ್ಕೆ ಅವರ ಭಾಷೆಯಲ್ಲಿ 'ಹಿಕಿಓಕೋಶಿ' ಎಂಬ ಹೆಸರೇ ಇದೆ. ಎಳೆದು ಎಬ್ಬಿಸುವುದು ಎಂದು ಅದರ ಶಬ್ದಾರ್ಥ. ಒಂದು ಕೆಲಸಕ್ಕೆ ಭಾಷೆಯಲ್ಲಿ ಹೆಸರು ಹುಟ್ಟಿದೆಯೆಂದರೆ ಅದನ್ನು ಕಲಿಯತಕ್ಕ ವಿದ್ಯೆಯೆಂದು ಆ ಸಮಾಜ ಒಪ್ಪಿದೆಯೆಂದೇ ಅರ್ಥ. ನಮ್ಮಲ್ಲಿ ಅದಕ್ಕೆ ಹೆಸರೂ ಇಲ್ಲ, ಪಾಠವೂ ಇಲ್ಲ.

'ನಮ್ಮ ದೇಶದಲ್ಲಿ ಬಿದ್ದವರನ್ನು ಎತ್ತಲು ಜನ ತಾವಾಗಿಯೇ ಓಡಿಬರುತ್ತಾರೆ, ಕಲಿಯುವ ಅಗತ್ಯವೇನು' ಎಂಬ ಆಕ್ಷೇಪಣೆ ಬರಬಹುದು. ಓಡಿಬರುವುದು ನಿಜ, ಅದು ನಮ್ಮ ನೆಲದ ಹಿರಿಮೆಯೂ ಹೌದು. ಆದರೆ ಆಗುಂಬೆಯ ತಿರುವಿನಲ್ಲಿ, ಮಳೆಯಲ್ಲಿ, ರಾತ್ರಿಯ ಹೊತ್ತಿನಲ್ಲಿ ಓಡಿಬರಲು ಯಾರಿರುತ್ತಾರೆ? ಪ್ರತಿ ಬೇಸಗೆಯಲ್ಲಿ ನಮ್ಮ ನಾಡಿನ ಎಷ್ಟೋ ತರುಣರು ಲಡಾಖಿಗೆ ಗಾಡಿಯ ಮೇಲೆ ಹೊರಡುತ್ತಾರೆ. ಐದು ಸಾವಿರ ಮೀಟರಿಗೂ ಎತ್ತರದ ಖರ್ದುಂಗ್ ಲಾದಂಥ ಕಣಿವೆದಾರಿಗಳಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಸುಮಾರು ಅರ್ಧ. ಅಲ್ಲಿ ತಪ್ಪು ರೀತಿಯಲ್ಲಿ ಮೂರು ಸಲ ಜಗ್ಗಿದವನು ನಾಲ್ಕನೆಯ ಸಲ ತಾನೇ ಕುಸಿಯುತ್ತಾನೆ. ಇನ್ನು, ಓಡಿಬಂದವರಿಗೂ ಎತ್ತುವ ಕ್ರಮ ತಿಳಿದಿರಬೇಡವೇ? ಆಕ್ಷೇಪಣೆಯೇ ಕಲಿಕೆಯ ಪರವಾಗಿ ವಾದಿಸುತ್ತಿದೆ.

ಇದಕ್ಕಿಂತ ಗಂಭೀರವಾದ ಮಾತೊಂದಿದೆ. ಹೆಣ್ಣುಮಕ್ಕಳು ಭಾರದ ಗಾಡಿ ಓಡಿಸುವ ಮಾತು ಬಂದಾಗ ಮನೆಯವರು ಒಡ್ಡುವ ಮೊದಲ ಅಡ್ಡಿಯೇ 'ಬಿದ್ದರೆ ನೀನು ಎತ್ತಬಲ್ಲೆಯಾ?' ಎಂಬುದು. ಕೇಳುವ ಅಣ್ಣನಿಗೂ ಎತ್ತುವ ಬಗೆ ತಿಳಿದಿರುವುದಿಲ್ಲ. ಅವನನ್ನು ಯಾರೂ ಕೇಳಿರುವುದಿಲ್ಲ, ಅಷ್ಟೇ ವ್ಯತ್ಯಾಸ. ಮೇಲಿನ ಲೆಕ್ಕದಲ್ಲಿ ಗಂಡು ಹೆಣ್ಣಿನ ಭೇದ ಬರುವುದು ಕೊನೆಯಲ್ಲಿ, ಸ್ನಾಯುವಿನ ಮಾತು ಬಂದಾಗ. ಅದಕ್ಕೆ ಮೊದಲು ಗಾಲಿ, ಗೇರು, ಹ್ಯಾಂಡಲ್ಲು, ಹೆಜ್ಜೆ ಇವೆಲ್ಲ ಅರಿವಿನ ವಿಷಯಗಳು. ತೊಡೆಯ ಬಲವನ್ನು ಬಳಸಲು ತಿಳಿದ ಮಧ್ಯಮ ಮೈಕಟ್ಟಿನ ಹೆಣ್ಣುಮಗಳೊಬ್ಬಳು ಬುಲೆಟ್ಟನ್ನು ಎತ್ತಬಲ್ಲಳು, ಬೆನ್ನಿನಿಂದ ಜಗ್ಗುವ ದೃಢಕಾಯನು ಸೋಲಬಲ್ಲನು. ಜಪಾನಿನ ಆ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೂ ಅದೇ ಗಾಡಿ, ಅದೇ ಪಾಠ. 'ಎತ್ತಬಲ್ಲೆಯಾ?' ಎಂಬ ಪ್ರಶ್ನೆ ತಪ್ಪಲ್ಲ. ಅದನ್ನು ಅಡ್ಡಗೋಡೆಯಾಗಿ ಎಬ್ಬಿಸದೆ ಅಂಗಳಕ್ಕೆ ಕರೆದೊಯ್ದು ಕಲಿಸುವುದಕ್ಕೆ ಬಳಸಬೇಕು, ಮತ್ತು ಅಣ್ಣನನ್ನೂ ಜೊತೆಗೆ ಕರೆದೊಯ್ಯಬೇಕು.

ಕಾನೂನು ಬದಲಾಗುವವರೆಗೆ ಕಾಯಬೇಕಾಗಿಲ್ಲ. ಸವಾರಿ ಕಲಿಸುವ ಶಾಲೆಗಳು, ಗಾಡಿ ಮಾರುವ ಅಂಗಡಿಗಳು, ಪಯಣಕ್ಕೆ ಹೊರಡುವ ಗೆಳೆಯರ ಬಳಗಗಳು ಇದನ್ನು ಇಂದೇ ಆರಂಭಿಸಬಹುದು. ಒಂದು ಹಳೆಯ ಗಾಡಿ, ಕೆಳಗೆ ಹಾಸಲು ನಾಲ್ಕು ಗೋಣಿಚೀಲ ಅಥವಾ ಹಳೆಯ ಟೈರು, ಆಚೆ ಮಗ್ಗುಲಿಗೆ ಬೀಳದಂತೆ ಹಿಡಿಯಲು ಒಬ್ಬರು, ತೋರಿಸಿಕೊಡಲು ಬಲ್ಲವರೊಬ್ಬರು. ಹೊಸ ಗಾಡಿಯನ್ನು ಮನೆಗೆ ತಂದ ದಿನ ಹಾರ ಹಾಕಿ, ನಿಂಬೆಹಣ್ಣನ್ನು ಗಾಲಿಯ ಕೆಳಗಿಟ್ಟು ಮುಂದೆ ನಡೆಸುವವರು, ಅಂದೇ ಅದನ್ನು ಮಲಗಿಸಲು ಒಪ್ಪಲಾರರು; ಅದು ಸಹಜವೇ. ಆದ್ದರಿಂದಲೇ ಹಳೆಯ ಗಾಡಿ ಬೇಕು. ಗುಜರಿಯಲ್ಲಿ ಅಗ್ಗಕ್ಕೆ ಸಿಗುವ, ಎಂಜಿನ್ ಕಳಚಿದ ಖಾಲಿ ಚೌಕಟ್ಟನ್ನು ಮಾತ್ರ ತರಬಾರದು. ಭಾರದ ದೊಡ್ಡ ಪಾಲು ಇರುವುದು ಎಂಜಿನ್ನಿನಲ್ಲಿಯೇ.